ಗಂಟಲು ತುರಿಸದ ಕರಕಲಿ

ಮಲೆನಾಡಿನ ಕರಕಲಿ, ಅಂದರೆ ಕೆಸುವಿನ ಎಲೆಯ ಗೊಜ್ಜು, ತಿನ್ನುವ ಆಸೆಯಾಗಿ ಎರಡು ಸಲ ಮಾಡಿದೆ. ಎರಡೂ ಸಲ ಗಂಟಲು ತುರಿಕೆ! ತಪ್ಪು ನನ್ನದೇ. ಕುಕ್ಕರಿನಲ್ಲಿ ಎರಡು ಸೀಟಿ ಹೊಡೆಸಿ, ಕೊನೆಗೆ ಸುಮ್ನೆ ಒಂದು ಚೂರು ಹುಣಸೆಹಣ್ಣು ಹಿಂಡಿದ್ದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಚುಚ್ಚುವುದು ಅವೇ.

ಮೂರನೇ ಸಲ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, 15 ಎಳೆ ಎಲೆಗಳ ನಾರು ತೆಗೆದು ಸಣ್ಣಗೆ ಹೆಚ್ಚಿದೆ. ನಿಂಬೆಗಾತ್ರದ ಹುಣಸೆಹಣ್ಣಿನ ರಸ, ನಾಲ್ಕು ಹಸಿಮೆಣಸು ಮೊದಲೇ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಟ್ಟೆ. ಎಲೆ ಪೂರ್ತಿ ಕರಗಿ, ಗೊಜ್ಜಿನ ಹಾಗೆ ಕೊತಕೊತ ಕುದಿಯಿತು. ಆಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ಜಾಸ್ತಿಯೇ ಇರಬೇಕು, ಅಲ್ವಾ? ಮಗಳು ಬಿಸಿ ಅನ್ನಕ್ಕೆ ಕಲಸಿಕೊಂಡು ಮತ್ತೊಮ್ಮೆ ಬಡಿಸಿಕೊಂಡಳು. ಈ ಸಲ ತುರಿಕೆಗೆ ಮಜ್ಜಿಗೆ ಯಾರೂ ಕೇಳಲಿಲ್ಲ.