ಕಾಗದದ ಕೊಕ್ಕರೆ: ಕೈ ತಪ್ಪುವುದು ಎಲ್ಲಿ?

ಕಾಗದ ಮಡಚುವ ಜಪಾನಿನ ಕಲೆ ಓರಿಗಾಮಿ ಕಲಿಯಲು ಹೊರಟ ಬಹಳ ಮಂದಿ ಮೊದಲು ಕೈಹಾಕುವುದು ‘ಓರಿಜುರು’ ಎಂಬ ಕೊಕ್ಕರೆಗೆ. ಅರ್ಧದಲ್ಲೇ ಮುದ್ದೆ ಮಾಡಿ ಎಸೆಯುವುದೂ ಅದನ್ನೇ.

ಕಾಗದ 15 ಸೆಂ.ಮೀ. ಚೌಕವಿರಲಿ, ಒಂದು ಮಗ್ಗುಲು ಬಣ್ಣ, ಇನ್ನೊಂದು ಬಿಳಿ. ಸಿಗದಿದ್ದರೆ ಎ4 ಹಾಳೆಯಿಂದ 21 ಸೆಂ.ಮೀ. ಚೌಕ ತೆಗೆಯಿರಿ. ಕೈಯಲ್ಲಿ ಹರಿಯಬೇಡಿ, ಸ್ಕೇಲ್ ಇಟ್ಟು ಬ್ಲೇಡಿನಿಂದ ಕೊಯ್ಯಿರಿ. ಚೌಕ ಓರೆಯಾದರೆ ಕೊಕ್ಕು ಚೂಪಾಗದು. ಚಾರ್ಟ್ ಪೇಪರ್ ಬೇಡವೇ ಬೇಡ, ಕತ್ತಿನ ಬಳಿ ಪದರಗಳು ಸೇರಿದಾಗ ಅದು ಬಾಗುವುದಿಲ್ಲ. ಗ್ಲೇಜ್ ಪೇಪರಿನ ಬಣ್ಣ ಮಡಿಕೆಯಲ್ಲಿ ಬಿರಿಯುತ್ತದೆ.

ಬಣ್ಣದ ಮಗ್ಗುಲು ಮೇಲಿಟ್ಟು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ ಬಿಚ್ಚಿ. ಹಾಳೆ ತಿರುಗಿಸಿ ಅಂಚಿಗೆ ಅಂಚು ಕೂಡಿಸಿ ಎರಡು ಸಲ ಮಡಚಿ ಬಿಚ್ಚಿ. ನಾಲ್ಕು ಮೂಲೆಗಳನ್ನೂ ಒಟ್ಟಿಗೆ ತಂದರೆ ಪುಟ್ಟ ಚೌಕವಾಗಿ ಕೂರುತ್ತದೆ.

ಈಗ ಕಷ್ಟದ ಘಟ್ಟ. ಮೂಲೆಗಳು ಸೇರಿದ, ಬಿಚ್ಚಿಕೊಳ್ಳುವ ತುದಿ ನಿಮ್ಮ ಕಡೆಗಿರಲಿ. ಮೇಲಿನ ಪದರದ ಎಡ-ಬಲ ಮಡಿಕೆಗಳ ಕೆಳ ಅಂಚುಗಳನ್ನು ನಡುಗೆರೆಗೆ ತಂದು ಮಡಚಿ. ಮೇಲೆ ಉಳಿದ ತ್ರಿಕೋನವನ್ನು ಅವುಗಳ ಮೇಲೆ ಬಗ್ಗಿಸಿ, ಉಗುರಿನಿಂದ ಗಟ್ಟಿಯಾಗಿ ತೀಡಿ, ಮೂರನ್ನೂ ಬಿಚ್ಚಿ. ಕೈ ಪಳಗಿದವರು ಈ ತ್ರಿಕೋನದ ಗೆರೆ ಬಿಡುತ್ತಾರೆ, ಹೊಸಬರು ಬಿಡಲೇಬಾರದು. ಮುಂದಿನ ಮಡಿಕೆಗೆ ಅದೇ ಕೀಲು. ಈಗ ಮೇಲಿನ ಒಂದೇ ಪದರದ ತುದಿ ಹಿಡಿದು ಎತ್ತಿ. ಅರ್ಧ ಎತ್ತಿದಾಗ ನಿಲ್ಲಿಸಿ. ಒಳಕ್ಕೆ ತಗ್ಗಿದ್ದ ಎರಡು ಓರೆ ಗೆರೆಗಳು ಈ ಪದರದಲ್ಲಿ ಹೊರಕ್ಕೆ ಏಣಾಗಿ ತಿರುಗಬೇಕು. ಇದನ್ನು ಗಮನಿಸದೆ ತುದಿಯನ್ನು ಸರ್ರನೆ ಎಳೆದು ಒತ್ತಿಬಿಡುವುದರಿಂದಲೇ ಕೀಲಿನ ಎರಡೂ ಕೊನೆಯಲ್ಲಿ ಸುಕ್ಕು ಬೀಳುತ್ತದೆ. ಎರಡು ತೋರುಬೆರಳುಗಳಿಂದ ಪಕ್ಕಗಳನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ತಳ್ಳುತ್ತಾ ಬನ್ನಿ. ಅಂಚುಗಳು ನಡುವೆ ಕೂಡಿದ ಮೇಲಷ್ಟೇ ಚಪ್ಪಟೆ ಮಾಡಿ. ತುದಿ ಮೊಂಡಾದರೆ ಬಿಚ್ಚಿ ಮತ್ತೆ ಮಾಡಿ, ಬಲವಂತವಾಗಿ ತೀಡಬೇಡಿ. ಹಿಂಬದಿಗೂ ಇದೇ ಕ್ರಮ.

ಉದ್ದ ವಜ್ರದ ಆಕಾರ ಬಂತು. ಸೀಳಿರುವ ತುದಿ ಕೆಳಗಿರಲಿ, ಅದೇ ಕತ್ತು ಮತ್ತು ಬಾಲ. ಎರಡೂ ಬದಿ ಕೆಳ ಅಂಚುಗಳನ್ನು ನಡುಗೆರೆಗೆ ಮಡಚಿ, ಆದರೆ ಅರ್ಧ ಮಿ.ಮೀ. ಸಂದು ಬಿಡಿ. ಗೆರೆಗೇ ತಾಗಿಸಿದರೆ ಕತ್ತು ಎತ್ತುವಾಗ ಕಾಗದ ಸಿಕ್ಕಿಕೊಂಡು ಹರಿಯುತ್ತದೆ. ಕಾಲಿನಂತಿರುವ ಎರಡನ್ನೂ ಪದರಗಳ ಒಳಗಿನಿಂದ ಮೇಲಕ್ಕೆ ತಿರುಗಿಸಿ, ಹೊರಗಿನಿಂದಲ್ಲ. ಒಂದರ ತುದಿಯನ್ನು ಒಳಕ್ಕೆ ಬಗ್ಗಿಸಿದರೆ ತಲೆ, 1.5 ಸೆಂ.ಮೀ. ಸಾಕು.

ಮೇಲಿನ ಎರಡು ಅಗಲ ತುದಿಗಳೇ ರೆಕ್ಕೆ, ಅವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಗಲಿಸಿ. ಸಾವಿರ ಕೊಕ್ಕರೆಗಳ ‘ಸೆನ್‌ಬಜುರು’ ಮಾಲೆಗಾದರೆ ಅಗಲಿಸದೆ ಮಡಚಿಯೇ ಬಿಡಿ; ಸಾಮಾನ್ಯವಾಗಿ ದಾರಕ್ಕೆ 40ರಂತೆ 25 ದಾರಗಳನ್ನು ಪೋಣಿಸುತ್ತಾರೆ, ಚಪ್ಪಟೆಯಾಗಿದ್ದರೆ ಒಂದರ ಮೇಲೊಂದು ಒತ್ತಾಗಿ ಕೂರುತ್ತವೆ.