ಆಮೆನ್‌ಗೆ ಮುಂಚಿನ ಜಗಳ

ರಾತ್ರಿ ಎಂಟೂವರೆಗೆ ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಮದುವೆಯಾದಾಗಿನಿಂದ ತಪ್ಪಿಸಿದ್ದು ಕಡಿಮೆ. ಆದರೆ ಐದಾರು ವರ್ಷ ನಾನಲ್ಲಿ ಮಾಡಿದ್ದು ಜಗಳವೇ. 'ಕರ್ತನೇ, ಕೊಟ್ಟ ಮಾತು ಮರೆಯುವವರಿಗೆ ನೆನಪಿನ ಶಕ್ತಿ ಕೊಡಪ್ಪಾ' ಅನ್ನುತ್ತಿದ್ದೆ, ಕಣ್ಣು ಮುಚ್ಚಿಕೊಂಡು. ಪಕ್ಕದಲ್ಲಿ ಕೂತ ಗಂಡ ಎದುರು ಮಾತಾಡುವ ಹಾಗಿಲ್ಲ, ಮೇಲಿಂದ 'ಆಮೆನ್' ಬೇರೆ ಅನ್ನಬೇಕು! ತಮ್ಮ ಸರದಿಯಲ್ಲಿ ಅವರೂ ಬಿಡುತ್ತಿರಲಿಲ್ಲ: 'ನಾಲಿಗೆಗೆ ಕಡಿವಾಣ ಹಾಕು ಸ್ವಾಮೀ.' ಇದೇ ದೂರು ಸಭೆಯವರು ಮನೆಯಲ್ಲಿ ಸೇರಿ ಪ್ರಾರ್ಥಿಸುವ ಬುಧವಾರದ ಮನೆಕೂಟದಲ್ಲಿ 'ಪ್ರಾರ್ಥನಾ ವಿಷಯ'ವಾಗಿ ಹತ್ತು ಮನೆ ಮುಟ್ಟುತ್ತಿತ್ತು.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನಾ ಕ್ರಮದಲ್ಲಿ 1950ರಿಂದಲೂ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಹೊತ್ತಿಗೆ, ಒಬ್ಬರಿಗೊಬ್ಬರು ಶಾಂತಿ ಕೋರುವ 'ಸಮಾಧಾನ' ಕೈಯಿಂದ ಕೈಗೆ ದಾಟುತ್ತದೆ. ನಮ್ಮ ಸಭೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಒಂದು ಭಾನುವಾರ, ಹಿಂದಿನ ರಾತ್ರಿ ಮುನಿಸಿಕೊಂಡು ಮಲಗಿದ್ದವಳು, ಪಕ್ಕದವರ ಕೈ ಹಿಡಿದು ಆಚೆ ನೋಡಿದೆ. ಅಲ್ಲಿ ನನ್ನ ಗಂಡನೂ ಯಾರದೋ ಕೈ ಹಿಡಿದಿದ್ದರು. ರೊಟ್ಟಿ ತಗೊಳ್ಳಲು ಏಳಲಾಗಲಿಲ್ಲ.

ಆಮೇಲೆ ಹಿಡಿದದ್ದು ಬೈಬಲ್ಲಿನ ಮತ್ತಾಯ 18:15. ತಪ್ಪು ಮಾಡಿದವನಿಗೆ ಒಬ್ಬನೇ ಇರುವಾಗ ಹೇಳು ಅನ್ನುತ್ತದೆ. ಅಂದರೆ ಮೊದಲು ಗಂಡನಿಗೆ; ನನ್ನ ಅಮ್ಮನಿಗಲ್ಲ, ಮನೆಕೂಟಕ್ಕಂತೂ ಅಲ್ಲವೇ ಅಲ್ಲ. (ಹೊಡೆತ ಬಡಿತ ಇರುವ ಮನೆಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು.)

ಎಫೆಸ 4:26ನ್ನು ಮಾತ್ರ ನಾವು ತಪ್ಪಾಗಿ ಓದಿದ್ದೆವು. ಮಲಗುವ ಮುಂಚೆ ಜಗಳ ಮುಗಿಸಲೇಬೇಕೆಂದು ಹನ್ನೊಂದೂವರೆಗೆ ಕೂತು, ನಿದ್ದೆಗಣ್ಣಲ್ಲಿ ಹಳೆಯದನ್ನೆಲ್ಲ ಕೆದಕುತ್ತಿದ್ದೆವು. ಸಿಟ್ಟು ಬಿಡಲು ವಾಕ್ಯದಲ್ಲಿರುವುದು ಸೂರ್ಯ ಮುಳುಗುವ ಹೊತ್ತು. ಈಗ ಸಂಜೆ ಆರಕ್ಕೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚಹಾ ಹಿಡಿದು ಕೂರುತ್ತೇವೆ. ಅವರು ಬರುವುದು ತಡವಾದರೆ 'ನಾಳೆ ಆರಕ್ಕೆ' ಅಂತ ಮೆಸೇಜು ಬರುತ್ತದೆ, ಮಾತು ನಾಳೆಗೆ.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಿ, ಆಮೇಲೆ ಉತ್ತರ ಕೊಡಬೇಕು. ಮೊದಲ ವಾರ ನಾಟಕದ ತಾಲೀಮಿನ ಹಾಗಿತ್ತು, ನಗು ಬರುತ್ತಿತ್ತು. ಒಮ್ಮೆ ಅವರು ತಮ್ಮ ಅಣ್ಣನಿಗೆ ಇಪ್ಪತ್ತು ಸಾವಿರ ಕೊಟ್ಟಿದ್ದರು, ನನಗೆ ಹೇಳಿರಲಿಲ್ಲ. 'ನೀವು ನನ್ನನ್ನು ಒಂದು ಮಾತೂ ಕೇಳಲ್ಲ' ಅಂದೆ.

'ದುಡ್ಡು ಕೊಟ್ಟದ್ದಕ್ಕೆ ನಿನಗೆ ಸಿಟ್ಟು.'

'ಕೊಟ್ಟದ್ದಕ್ಕಲ್ಲ. ನಿಮ್ಮ ಅತ್ತಿಗೆ ಬಾಯಿಂದ ಗೊತ್ತಾಯಿತಲ್ಲ, ಅದಕ್ಕೆ.'

ಲೋಟ ಕೆಳಗಿಟ್ಟರು. 'ಅತ್ತಿಗೆ ನಿನಗೆ ಹೇಳಿದ್ದು ಯಾವಾಗ?'

'ಕ್ರಿಸ್ಮಸ್ ಕೇಕ್ ಕೊಡಲು ಹೋದಾಗ. ಅವರ ಎದುರಿಗೆ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.'

ಬಹಳ ಹೊತ್ತು ಸುಮ್ಮನಿದ್ದು, 'ಅದು ನನಗೆ ಹೊಳೆದೇ ಇರಲಿಲ್ಲ' ಅಂದರು.

ಆ ರಾತ್ರಿಯ ಪ್ರಾರ್ಥನೆ ಎರಡೇ ನಿಮಿಷಕ್ಕೆ ಮುಗಿಯಿತು.