ಸೀಟು ಬಿಟ್ಟುಕೊಡುವ ಮುನ್ನ

ಕುಂಬಳೆಗೂ ಬದಿಯಡ್ಕಕ್ಕೂ ಇಪ್ಪತ್ತು ವರ್ಷ ಬಸ್ಸಿನಲ್ಲೇ ಓಡಾಡಿದವಳು ನಾನು. ಹೆಂಗಸೆಂದು ತೋರುವ ಮರ್ಯಾದೆ ಸೌಜನ್ಯವೋ ತಾರತಮ್ಯವೋ ಎಂದು ಮಗ ಕೇಳಿದಾಗ ಹೇಳಿಕೊಟ್ಟದ್ದು ಇದು.

ಮೊದಲು ಕಾರಣ ನೋಡು. ಕಂಕುಳಲ್ಲಿ ಮಗು, ತುಂಬಿದ ಬಸಿರು, ನಡುಗುವ ಕಾಲು ಕಂಡರೆ ಏಳು; ನಿಂತವರು ಗಂಡಸಾದರೂ ಏಳು. ಮಹಿಳೆಯರಿಗೆಂದು ಬರೆದ ಸೀಟು ದಯೆಯಲ್ಲ, ಹಕ್ಕು. ಅಲ್ಲಿ ಅವರು ಕೇಳುವ ತನಕ ಕಾಯಬೇಡ.

ಮತ್ತೆ, ಕೇಳಿಯೇ ಸಹಾಯ ಮಾಡು. ಬೇಡವೆಂದರೆ ಬಿಟ್ಟುಬಿಡು. ಒಮ್ಮೆ ಒಬ್ಬರು ನನ್ನ ಕೈಯಿಂದ ಅಡಿಕೆಯ ಚೀಲ ಕಿತ್ತುಕೊಂಡು, "ಹೆಂಗಸರಿಗೆ ಇದೆಲ್ಲ ಯಾಕೆ?" ಎಂದರು. ತೋಟದ ಲೆಕ್ಕ ಬರೆಯುವವಳು, ಅಡಿಕೆ ಮಾರುವವಳು ನಾನೇ! ಆ ಮಾತು ಇಂದಿಗೂ ಚುಚ್ಚುತ್ತದೆ. ಮನಃಶಾಸ್ತ್ರಜ್ಞರಾದ ಪೀಟರ್ ಗ್ಲಿಕ್ ಮತ್ತು ಸುಸಾನ್ ಫಿಸ್ಕ್ 1996ರಲ್ಲಿ ಇಂಥದ್ದನ್ನು ಹಿತೈಷಿ ಲಿಂಗತಾರತಮ್ಯವೆಂದು ಗುರುತಿಸಿದರು: ಕಾಪಾಡುವ ಮಾತಿನೊಳಗೆ, ಇವಳಿಂದ ಆಗದು ಎಂಬ ಎಣಿಕೆ.

ನನ್ನದೊಂದು ಪರೀಕ್ಷೆಯಿದೆ. ಬ್ಯಾಂಕಿನ ಬಾಗಿಲನ್ನು ನನಗಾಗಿ ತೆರೆದು ಹಿಡಿದವರು, ಸಾಲದ ಮಾತು ಬಂದಾಗ ಯಾರ ಮುಖ ನೋಡುತ್ತಾರೆ, ನನ್ನದೋ ನನ್ನ ಗಂಡನದೋ?

ಮನೆಯಲ್ಲಿಯೂ ಅಷ್ಟೇ. ಅಮ್ಮನಿಗೆ ಕುರ್ಚಿ ಸರಿಸಿಕೊಟ್ಟರೆ ಸಾಲದು. ಉಂಡ ಬಟ್ಟಲನ್ನು ನೀನೇ ತೊಳೆ.